ಕಾಲುವೆ ಬಂದ್ ಆದರೆ ಸ್ಟೇಡಿಯಂ ಓಪನ್

ಮೊನ್ನೆ ಬೆಳಿಗ್ಗೆ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಯಾರೋ ಅಂಗಳಕ್ಕೆ ಸೆಗಣಿ ಸಾರಿಸಿದ್ದರು. ಸಾರಿಸಿದ ನೆಲ ಅರ್ಧ ಒಣಗಿದಾಗ ಒಂದು ವಾಸನೆ ಬರುತ್ತದಲ್ಲ, ಅದು ಕಿಟಕಿಯಿಂದ ಒಳಗೆ ಬಂತು. ಈ ವಾಸನೆಗೆ ಬೇರೆಯವರಿಗೆಲ್ಲ ಅಜ್ಜಿಯ ಮನೆಯೋ, ಹಬ್ಬದ ಹೋಳಿಗೆಯೋ ನೆನಪಾಗುತ್ತದಂತೆ. ನನಗೆ ಕ್ರಿಕೆಟ್ ನೆನಪಾಗುತ್ತದೆ. ನಗಬೇಡಿ, ಅಥವಾ ಸ್ವಲ್ಪ ತಡೆದು ನಗಿ, ನಗುವುದಕ್ಕೆ ಇನ್ನೂ ಬೇಕಾದಷ್ಟಿದೆ.

ಯಾಕೆಂದರೆ ನಾನು ಹೇಳಹೊರಟಿರುವುದು ಒಂದು ಇಂಟರ್‌ನ್ಯಾಷನಲ್ ಕ್ರಿಕೆಟ್ ಸ್ಟೇಡಿಯಮ್ಮಿನ ಇತಿಹಾಸ. ಅದು ಕಂಪ್ಲಿ ಸೀಮೆಯಲ್ಲಿ, ಎಮ್ಮಿಗನೂರಿನಿಂದ ಒಂದು ಕಾಲುವೆ ಆಚೆಗಿರುವ ನಮ್ಮೂರಿನಲ್ಲಿ, ರೈಸ್ ಮಿಲ್ಲಿನ ಹಿಂದೆ ಇದೆ. ವರ್ಷದ ಹೆಚ್ಚಿನ ಕಾಲ ಅದು ಭತ್ತದ ಗದ್ದೆ. ಎರಡನೇ ಬೆಳೆ ಕೊಯ್ದು, ಡ್ಯಾಮಿನವರು ಕಾಲುವೆಗೆ ನೀರು ನಿಲ್ಲಿಸಿದ ಮೇಲೆ ಸ್ಟೇಡಿಯಂ. ಬದುವೇ ಬೌಂಡರಿ. ಬೇರೆ ಸ್ಟೇಡಿಯಂಗಳಿಗೆ ಮಳೆಯ ಭಯವಾದರೆ ನಮ್ಮದಕ್ಕೆ ಡ್ಯಾಮಿನ ಗೇಟಿನ ಭಯ.

ಇಂಟರ್‌ನ್ಯಾಷನಲ್ ಹೇಗೆ ಅಂತೀರಾ? ಹಂಪಿ ನೋಡಲು ಬಂದಿದ್ದ ಇಂಗ್ಲೆಂಡಿನವನೊಬ್ಬ ಬಾಡಿಗೆ ಮೊಪೆಡ್ ಹತ್ತಿ ದರೋಜಿಗೆ ಕರಡಿ ನೋಡಲು ಹೊರಟ, ದಾರಿ ತಪ್ಪಿ ನಮ್ಮೂರಿಗೆ ಬಂದ. ಮ್ಯಾಚ್ ನಡೆಯುತ್ತಿತ್ತು. ಕರಡಿ ಮರೆತು ಕೆಳಗಿಳಿದು, ಒಂದು ಓವರ್ ಹಾಕಲೇ ಎಂದು ಸನ್ನೆ ಮಾಡಿದ. ಅತಿಥಿ ದೇವರೆಂದು ಚೆಂಡು ಕೊಟ್ಟೆವು, ಆಮೇಲೆ ದೇವರೆಂದು ನೋಡದೆ ಇಪ್ಪತ್ತೆರಡು ರನ್ ಚಚ್ಚಿದೆವು. ಆತ ಎರಡು ಲೋಟ ಮಜ್ಜಿಗೆ ಕುಡಿದು ಕೈಮುಗಿದು ಹೋದ. ಎರಡು ದೇಶದವರು ಆಡಿದ ಮೇಲೆ ಇನ್ನೇನು ಬೇಕು? ಮರುದಿನ ಮಿಲ್ಲಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ‘ಇಂಟರ್‌ನ್ಯಾಷನಲ್ ಸ್ಟೇಡಿಯಂ’ ಎಂದು ಬರೆದಾಯಿತು. ಗೋಡೆಗೆ ಸುಣ್ಣ ಹೊಡೆದಾಗಲೆಲ್ಲ ಯಾರೋ ಮತ್ತೆ ಬರೆಯುತ್ತಾರೆ.

ದಾಖಲೆಗೆ ಇರಲೆಂದು ಇನ್ನೆರಡು ಮ್ಯಾಚ್ ಹೇಳಿಬಿಡುತ್ತೇನೆ. ಒಂದು ಕರಡಿ ಮ್ಯಾಚು. ಪಕ್ಕದ ಕಬ್ಬಿನೊಳಗೆ ಹೋದ ಚೆಂಡನ್ನು ತರಲು ಹೋದವನು ಹೋದದ್ದಕ್ಕಿಂತ ಜೋರಾಗಿ ವಾಪಸ್ ಬಂದ. ಒಳಗೆ ಕರಡಿ ಮಲಗಿತ್ತು. ಫೀಲ್ಡರುಗಳೆಲ್ಲ ಊರಿನ ಕಡೆ ಓಡಿದರು, ಬ್ಯಾಟಿನವರಿಬ್ಬರು ಮಾತ್ರ ವಿಕೆಟ್ಟುಗಳ ನಡುವೆ ಓಡುತ್ತಲೇ ಇದ್ದರು. ಹತ್ತೊಂಬತ್ತು ರನ್ ಆದ ಮೇಲೆ ಅಂಪೈರು ‘ಸಾಕು ಮಾಡ್ರಪ್ಪೋ’ ಎಂದು ತಾವೂ ಓಡಿದರು. ಇನ್ನೊಂದು ನೀರಿನ ಮ್ಯಾಚು. ಗೆಲ್ಲಲು ಮೂರು ರನ್ ಬೇಕಿದ್ದಾಗ ತೂಬಿನಿಂದ ನೀರು ನುಗ್ಗಿ ಪಿಚ್ಚು ಮುಳುಗಿತು. ಗೆದ್ದವರು ಯಾರೆಂದು ಇವತ್ತಿಗೂ ಜಗಳವಿದೆ. ನಾನು ಕಾಲುವೆ ಆಫೀಸಿಗೆ ಗುಮಾಸ್ತನಾಗಿ ಸೇರಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆದರೂ ಅವತ್ತು ನೀರು ಬಿಡಿಸಿದವನು ನಾನೇ ಎಂದು ನಂಬಿದ ಒಂದು ಪಾರ್ಟಿ ಊರಿನಲ್ಲಿದೆ.

ಮೊನ್ನೆ ಆ ವಾಸನೆ ಬಂದ ಹೊತ್ತಿಗೇ ಮೊಬೈಲಿಗೆ ನಮ್ಮೂರ ಟೂರ್ನಮೆಂಟಿನ ಸ್ಮರಣ ಸಂಚಿಕೆಯ ಕರಡು ಬಂತು. ಕಳಿಸಿದವನು ವೀರೇಶ, ಕಮಿಟಿಯ ಕಾರ್ಯದರ್ಶಿ, ಕಾರ್ಖಾನೆಯಲ್ಲಿ ಇಂಜಿನಿಯರು, ಒಳ್ಳೆಯ ಹುಡುಗ. ‘ಕ್ರೀಡಾಂಗಣದ ಇತಿಹಾಸ’ ಎಂಬ ಪುಟವನ್ನು ನನ್ನಿಂದಲೇ ಬರೆಸಿದ್ದ. ತೆರೆದು ನೋಡಿದೆ. ಇಂಗ್ಲೆಂಡಿನವನು ಇದ್ದ. ಕರಡಿ ಇತ್ತು. ಜಾಗ ಕೊಟ್ಟ ಮಿಲ್ಲಿನ ಮನೆತನ ದಪ್ಪ ಅಕ್ಷರದಲ್ಲಿತ್ತು. ‘ಮಾಜಿ ನಾಯಕರು, ಸನ್ಮಾನಿತರು’ ಎಂದು ನನ್ನ ಫೋಟೋ ಕೂಡ ಇತ್ತು, ತಲೆಯಲ್ಲಿ ಕೂದಲಿದ್ದ ಕಾಲದ್ದು. ನನ್ನ ಸಣ್ಣವ್ವ ಇರಲಿಲ್ಲ. ಅವಳ ಬಗ್ಗೆ ನಾನು ಬರೆದಿದ್ದ ಎರಡು ಪ್ಯಾರಾಗಳನ್ನು ಪೂರ್ತಿ ಎತ್ತಿಹಾಕಿದ್ದರು.

ಫೋನ್ ಮಾಡಿದೆ. ‘ಜಾಗ ಸಾಲಲಿಲ್ರಿ ಸರ,’ ಎಂದ ವೀರೇಶ.

ಒಂದು ಕರಡಿ ಮಲಗುವಷ್ಟು ಜಾಗವಿದ್ದು ಒಬ್ಬ ಹೆಂಗಸು ನಿಲ್ಲಲು ಜಾಗವಿಲ್ಲದ ಪುಟ ಅದೆಂಥದು? ನನಗೆ ಸಿಟ್ಟು ಬಂತು. ಸಿಟ್ಟು ಈಗಲೂ ಇದೆ. ಅದಕ್ಕೇ ಈ ಸಲ ಪುಟದ ಅಳತೆ ಕೇಳದೆ ಬರೆಯುತ್ತಿದ್ದೇನೆ. ನೀವು ಸ್ವಲ್ಪ ಜೊತೆಗಿರಿ.

ಸಣ್ಣವ್ವ ಎಂದರೆ ನಮ್ಮ ಮನೆಯಲ್ಲೇ ಇದ್ದ ನನ್ನ ಅವ್ವನ ತಂಗಿ, ಹುಲಿಗೆಮ್ಮ. ಕೂಲಿ ಮಾಡುವ ಏಳು ಹೆಂಗಸರ ಗುಂಪಿಗೆ ಅವಳು ಮುಂದಾಳು. ನಾಟಿ, ಕಳೆ, ಕೊಯ್ಲು ಯಾವುದಕ್ಕೂ ಏಳೂ ಮಂದಿ ಒಟ್ಟಿಗೇ ಹೋಗುವವರು. ಕೊಯ್ಲಿನ ಮಿಷನ್ನು ಬರುವ ಮೊದಲು ತೆನೆ ಬಡಿಯುವ ಕಣ ಮಾಡುವುದೂ ಅವರದೇ ಕೆಲಸವಾಗಿತ್ತು. ನಮ್ಮ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ. ಚೆಂಡಿನ ಮಾತು ಬಿಡಿ, ಮೊಣಕೈವರೆಗೆ ಕೈ ಇಳಿಯುವಂಥ ಬಿರುಕು. ಆ ಬಿರುಕಿಗೆ ಪುಡಿಮಣ್ಣು, ಭತ್ತದ ಹೊಟ್ಟು ತುಂಬಿ, ನೀರು ಹೊಡೆದು, ದಪ್ಪ ಕಟ್ಟಿಗೆಯಲ್ಲಿ ಬಡಿದು, ಮೇಲೆ ಸೆಗಣಿ ಸಾರಿಸಬೇಕು. ಒಂದು ಸಲ ಅಲ್ಲ, ಮೂರು ಸಲ. ಒಂದು ಒಣಗಿದ ಮೇಲೆ ಇನ್ನೊಂದು, ತೆಳ್ಳಗೆ. ಕಣ ಮಾಡುವ ಈ ವಿದ್ಯೆಯಿಂದಲೇ ನಮ್ಮ ಪಿಚ್ಚು ಆಗುತ್ತಿತ್ತು. ಕೊನೆಗೆ ಸಣ್ಣವ್ವ ಹಿಮ್ಮಡಿ ಊರಿ ಒಂದು ಸುತ್ತು ತಿರುಗಿ ನೋಡುವಳು. ‘ಹಿಮ್ಮಡಿ ಇಳೀವಲ್ದು, ಆಡ್ರಿ ಇನ್ನ,’ ಎಂದು ಬುಟ್ಟಿ ಎತ್ತಿಕೊಂಡು ಹೋಗುವಳು.

ಇಂಗ್ಲೆಂಡಿನವನು, ಕರಡಿ ಎಲ್ಲ ಆಮೇಲಿನ ಮಾತು. ಮೊದಲು ಅಲ್ಲಿ ಆಡುತ್ತಿದ್ದವರು ಯಾರು? ನಾವಲ್ಲ. ಗದ್ದೆಯ ಕೂಳೆ ಕೀಳಲು, ನಡುವಿನ ಬದು ಒಡೆದು ಸಮ ಮಾಡಲು ನಮ್ಮ ಕೇರಿಯ ಗಂಡಸರು ಬೇಕು, ಪಿಚ್ಚಿಗೆ ನಮ್ಮ ಕೇರಿಯ ಹೆಂಗಸರು ಬೇಕು. ಟೀಮುಗಳ ಪಟ್ಟಿ ಗೋಡೆಗೆ ಹಚ್ಚಿದಾಗ ಮಾತ್ರ ನಮ್ಮ ಕೇರಿ ಇರುತ್ತಿರಲಿಲ್ಲ. ಕೇಳಿದರೆ ‘ಲಿಸ್ಟ್ ಫುಲ್ ಆಗೈತಿ’ ಎನ್ನುವರು. ಬರೆಯಲು ಕೂರುವ ಮೊದಲೇ ಫುಲ್ ಆಗುವ ಲಿಸ್ಟು ಅದು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಊರಿಗೂ ಕೇರಿಗೂ ನಡುವೆ ಒಂದು ರಸ್ತೆಯಿದೆ. ನಮ್ಮ ಮನೆಗಳಲ್ಲಿ ಬುದ್ಧನ ಫೋಟೋ ಬಂದ ಮೇಲೂ ಆ ರಸ್ತೆ ಮೊದಲಿದ್ದಷ್ಟೇ ಅಗಲವಿತ್ತು.

ಆಗ ನಾನು ಹೊಸಪೇಟೆಯಲ್ಲಿ ಡಿಗ್ರಿ ಓದುತ್ತಿದ್ದೆ. ಕಾಲೇಜು ಟೀಮಿನಲ್ಲಿ ಆಡಿ ಸ್ವಲ್ಪ ಹೆಸರಾಗಿತ್ತು. ಕೇರಿಯಲ್ಲಿ ಹನ್ನೊಂದು ಜನರ ಟೀಮೂ ಕಟ್ಟಿದ್ದೆ, ಅದಕ್ಕೆ ನಾನೇ ಕ್ಯಾಪ್ಟನ್, ಆಡಲು ಜಾಗ ಮಾತ್ರ ಇರಲಿಲ್ಲ. ಆ ವರ್ಷ ಮಿಲ್ಲಿನ ಮಾಲೀಕರ ಮಗ ಬಸವರಾಜ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ‘ನಮ್ ಟೀಮಿನಾಗ ಒಬ್ಬಾತ ಕಮ್ಮಿ ಅದಾನ. ನೀ ಬಾ,’ ಎಂದ. ನಾನು ಒಪ್ಪಿದೆ. ಒಪ್ಪಿದೆ ಎನ್ನುವುದು ಸಣ್ಣ ಮಾತಾಯಿತು, ಕುಣಿದಾಡಿದೆ. ಬಿಳಿ ಪ್ಯಾಂಟು ಕೂಡ ಎರವಲು ತಂದೆ. ನನ್ನ ಹನ್ನೊಂದರಲ್ಲಿ ಉಳಿದ ಹತ್ತು ಜನ ಏನು ಮಾಡಬೇಕು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಬಂದಿತ್ತು, ಅದನ್ನು ನಾನು ಕೂರಲು ಬಿಡಲಿಲ್ಲ ಎಂದರೆ ಸರಿ.

ಸುದ್ದಿ ಹೇಳಲು ಗದ್ದೆಗೇ ಹೋದೆ. ಬಿರುಕು ತುಂಬಿ ಆಗಿತ್ತು. ಸಣ್ಣವ್ವ ಮೊದಲ ಸಲಕ್ಕೆ ಸೆಗಣಿ ಕಲಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು.

‘ನಿನ್ನ ಒಬ್ಬನ್ನೇ ಕರದಾರೇನು?’

‘ಹೂಂ.’

‘ಉಳಿದ ಹುಡುಗ್ರು?’

‘ಮುಂದಿನ ವರ್ಷ ನೋಡಾಣ ಅಂದಾನ.’

ಅವಳು ಎದ್ದು ಕೈ ತೊಳೆದುಕೊಂಡಳು. ‘ಹಂಗಾದ್ರ ಪಿಚ್ಚೂ ಮುಂದಿನ ವರ್ಷ ಸಾರಿಸ್ತೀವಿ,’ ಎಂದಳು. ಉಳಿದ ಆರು ಮಂದಿ ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ, ಬುಟ್ಟಿ ಎತ್ತಿಕೊಂಡು ಅವಳ ಹಿಂದೆ ನಡೆದರು.

ನಾನು ಹಿಂದೆ ಹಿಂದೆ ಓಡಿದೆ. ‘ನನ್ನ ಮರ್ಯಾದಿ ತಗೀತಿಯೇನು?’ ಎಂದು ಕೂಗಾಡಿದೆ.

‘ನಿನ್ನ ಒಬ್ಬನ್ನ ಒಳಗ ಕರದು ಹತ್ತು ಮಂದೀಗೆ ಬಾಗಲಾ ಹಾಕ್ತಾರ. ಅದು ನಿನಗ ಮರ್ಯಾದಿ ಅನಸ್ತೇನು?’ ಎಂದಳು. ತಿರುಗಿ ಕೂಡ ನೋಡಲಿಲ್ಲ.

ನಿಜ ಹೇಳುತ್ತೇನೆ, ಅವತ್ತು ನನಗೆ ಅವಳ ಮೇಲೆ ಅಭಿಮಾನ ಉಕ್ಕಲಿಲ್ಲ. ನನ್ನ ಬದುಕಿನ ಏಕೈಕ ಅವಕಾಶವನ್ನು ಓದು ಬರಹ ಬಾರದ ಹೆಂಗಸೊಬ್ಬಳು ಹಾಳು ಮಾಡಿದಳೆಂದು ಊಟ ಬಿಟ್ಟೆ. ಅವಳು ನನ್ನ ಪಾಲಿನ ರೊಟ್ಟಿಯನ್ನು ಪಕ್ಕದ ಮನೆಗೆ ಕೊಟ್ಟಳು.

ಮಿಲ್ಲಿನ ಟೀಮಿನವರು ಮೊದಲು ನಕ್ಕರು. ಸೆಗಣಿ ಸಾರಿಸುವುದೇನು ದೊಡ್ಡ ವಿದ್ಯೆಯೇ? ಡಿಪ್ಲೊಮಾ ಓದುತ್ತಿದ್ದ ಒಬ್ಬಾತ ಸೆಗಣಿಗೆ ಸಿಮೆಂಟ್ ಬೆರೆಸಿದರೆ ಮೂರು ಸಲದ ಕೆಲಸ ಒಂದೇ ಸಲಕ್ಕೆ ಆಗುತ್ತದೆಂದು ಲೆಕ್ಕ ಹಾಕಿದ. ಬೆರೆಸಿದರು, ದಪ್ಪಗೆ ಬಳಿದರು. ಒಣಗಿದ ಮೇಲೆ ನೋಡಲು ಚೆಂದವೇ ಇತ್ತು. ಬಸವರಾಜನೇ ಓಡಿಬಂದು ಮೊದಲ ಚೆಂಡು ಹಾಕಿದ. ಬಿದ್ದ ಜಾಗದಲ್ಲಿ ಮೇಲಿನ ಪದರ ಹಪ್ಪಳದ ಹಾಗೆ ಎದ್ದು ಹಾರಿತು. ಕೀಪರಿನ ಕೈಗೆ ಪಿಚ್ಚು ಹೋಯಿತು, ಚೆಂಡು ಅಲ್ಲೇ ಉಳಿಯಿತು.

ಎರಡು ದಿನ ಬಿಟ್ಟರೆ ಸಂಡೂರಿನ ಗಣಿ ಕೆಲಸದವರ ಟೀಮು ಉದ್ಘಾಟನೆಯ ಮ್ಯಾಚಿಗೆ ಬರುವುದಿತ್ತು. ಬಸವರಾಜ ರಸ್ತೆ ದಾಟಿ ಕೇರಿಗೆ ಬಂದ. ನಮ್ಮ ಮನೆಯ ಮುಂದೆ ಅವನನ್ನು ನಾನು ನೋಡಿದ್ದು ಅದೇ ಮೊದಲು.

‘ಬರ್ರಿ ಸಣ್ಣ ಸಾವ್ಕಾರ್ರ, ಕುಂದ್ರಿ,’ ಎಂದಳು ಸಣ್ಣವ್ವ.

ಅವನು ಕೂರಲಿಲ್ಲ. ‘ಹುಲಿಗೆಮ್ಮಾ, ಇದು ಊರ ಮರ್ಯಾದಿ ಪ್ರಶ್ನಿ ಐತಿ.’

‘ಆ ಊರಾಗ ನಾವೂ ಅದೀವೇನ್ರಿ?’

ಅವನು ನನ್ನ ಕಡೆ ನೋಡಿದ. ನಾನು ನನ್ನ ಚಪ್ಪಲಿ ನೋಡಿದೆ. ‘ಅದೀರಿ,’ ಎಂದ ಕೊನೆಗೆ.

‘ಹಂಗಾದ್ರ ಮೊದಲ್ನೇ ಮ್ಯಾಚು ನಮ್ ಹುಡುಗ್ರು ಆಡ್ಲಿ. ಹನ್ನೊಂದೂ ಮಂದಿ. ಹೆಸರು ಬರದು ಗ್ವಾಡಿಗೆ ಹಚ್ರಿ, ಆಮ್ಯಾಲೆ ಬುಟ್ಟಿ ಎತ್ತೀವಿ.’

‘ಅಪ್ಪಾಜಿನ್ನ ಕೇಳಬೇಕು.’

‘ಕೇಳ್ರಿ. ನೆಲಕ್ಕೇನು ಅರ್ಜೆಂಟ್ ಇಲ್ಲ. ಬಿಸ್ಲು ಬಿದ್ದಂಗ ಬಿದ್ದಂಗ ಬಿರೀತದ.’

ಅವತ್ತು ಸಂಜೆಯೊಳಗೆ ಗೋಡೆಗೆ ಕಾಗದ ಬಿತ್ತು. ಹನ್ನೊಂದು ಹೆಸರು. ನನ್ನ ಗೆಳೆಯರು ಒಬ್ಬೊಬ್ಬರಾಗಿ ಹೋಗಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಓದಿ ಬಂದರು. ಏಳು ಹೆಂಗಸರು ಸಿಮೆಂಟಿನ ಚಕ್ಕೆಗಳನ್ನು ಕೆರೆದು ಹಾಕಿ, ಡಿಪ್ಲೊಮಾದವನ ಜಾತಕ ಜಾಲಾಡುತ್ತ ಹೊಸದಾಗಿ ಸಾರಿಸಿದರು.

ಸಂಡೂರಿನವರು ಟಿಪ್ಪರಿನಲ್ಲಿ ಬಂದಿಳಿದರು, ಹುಬ್ಬಿನವರೆಗೂ ಕೆಂಪು ಧೂಳು. ಎಪ್ಪತ್ತೊಂದು ರನ್ ಹೊಡೆದರು. ನಾನು ಎರವಲು ಬಿಳಿ ಪ್ಯಾಂಟಿನಲ್ಲಿ ಓಪನಿಂಗ್ ಹೋದೆ, ಮೊದಲನೇ ಚೆಂಡಿಗೆ ಬೋಲ್ಡ್ ಆಗಿ ವಾಪಸ್ ಬಂದೆ. ಪಿಚ್ಚಿನದು ಏನೂ ತಪ್ಪಿರಲಿಲ್ಲ. ನನ್ನ ಗೆಳೆಯರು ಕೊನೆಯ ಓವರಿನವರೆಗೂ ಗುದ್ದಾಡಿದರು. ನಾಲ್ಕು ರನ್ನಿಗೆ ಸೋತೆವು. ಆ ದಿನ ಏಳೂ ಮಂದಿ ಕೂಲಿಗೆ ಹೋಗಿರಲಿಲ್ಲ. ತಾವು ಮಾಡಿದ ಪಿಚ್ಚಿನ ಮೇಲೆ ಆಡುವುದನ್ನು ಮೊದಲ ಬಾರಿಗೆ ಬದುವಿನ ಮೇಲೆ ಕೂತು ನೋಡಿದರು.

ನಾನು ಹೋಗಿ ಸಣ್ಣವ್ವನ ಮುಂದೆ ನಿಂತೆ. ‘ಸೋತ್ವಿ,’ ಎಂದೆ.

‘ಸೋಲಾಕೂ ಒಳಗ ಹೋಗಬೇಕಾಗ್ತದ ಲೇ,’ ಎಂದಳು. ‘ಹೊರಗ ನಿಂತಾವ ಯಾವಾಗ ಸೋತಾನ?’

ಅವತ್ತು ಗದ್ದೆಯಲ್ಲೇ ಅತ್ತೆ. ಸೋತದ್ದಕ್ಕಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಾನು ಹೂಂ ಅಂದದ್ದಕ್ಕೆ. ಆಮೇಲಿಂದ ಲಿಸ್ಟು ನಮಗಿಂತ ಮೊದಲು ಫುಲ್ ಆಗಿಲ್ಲ. ಈಗ ಬಸವರಾಜ ‘ನಾನೇ ಅವರನ್ನ ಸೇರಿಸಿಕೊಂಡೆ’ ಎಂದು ಭಾಷಣದಲ್ಲಿ ಹೇಳುತ್ತಾನೆ. ಹೇಳಲಿ. ಅವನು ರಸ್ತೆ ದಾಟಿ ಬಂದದ್ದಂತೂ ನಿಜ.

ಭಾನುವಾರ ಊರಿಗೆ ಹೋಗಿದ್ದೆ. ಸಣ್ಣವ್ವನಿಗೆ ಈಗ ಮೊಣಕಾಲು ಹಿಡಿದಿದೆ, ಬಾಯಿ ಹಿಡಿದಿಲ್ಲ. ಪುಸ್ತಕದಲ್ಲಿ ಅವಳ ಹೆಸರು ಬಿಟ್ಟಿದ್ದಾರೆಂದು ಹೇಳಿದೆ. ‘ನಂದೊಂದ ಹಾಕಸಬ್ಯಾಡ. ಹಾಕಿದ್ರ ಏಳೂ ಹಾಕ್ಲಿ,’ ಎಂದು ಒಂದೊಂದಾಗಿ ಹೇಳಿ ಬರೆಸಿದಳು: ಈರಮ್ಮ, ಅಂಕ್ಲಮ್ಮ, ದುರುಗಮ್ಮ, ಮಾರೆಮ್ಮ, ಹೊನ್ನೂರಮ್ಮ, ಗಂಗಮ್ಮ. ಇಬ್ಬರು ತೀರಿಕೊಂಡಿದ್ದಾರೆ. ತನ್ನ ಹೆಸರನ್ನು ಕಡೆಗೆ ಹೇಳಿದಳು.

ನಿನ್ನೆ ವೀರೇಶ ಕ್ವಾರ್ಟರ್ಸಿಗೆ ಬಂದ. ನಾನು ಬರೆದ ಇಷ್ಟನ್ನೂ ಓದಿದ. ಚಹಾ ಆರಿತು. ಆಮೇಲೆ ಮೆಲ್ಲಗೆ, ‘ಏಳೂ ಹೆಸರು ಹಾಕ್ತೀವ್ರಿ ಸರ. ಆ ಜಗಳದ ಸುದ್ದಿ ಒಂದು ಬ್ಯಾಡ್ರಿ, ಎಲ್ಲಾರೂ ಒಂದಾಗಿ ಹೊಂಟೀವಿ. ಮ್ಯಾಗ ಒಂದು ಸಾಲು ಹಾಕಾಣು, ಪಿಚ್ ನಿರ್ಮಾಣಕ್ಕೆ ಸಹಕರಿಸಿದ ಮಹಿಳೆಯರು ಅಂತ. ಆಗ್ತದಲ್ರಿ?’ ಎಂದ. ನನಗೆ ಹೊದಿಸುವ ಶಾಲು ಆಗಲೇ ಕೊಂಡಾಗಿದೆ, ಬಣ್ಣ ಭಾಳ ಮಸ್ತ್ ಇದೆ ಎಂದೂ ಹೇಳಿದ.

ನನ್ನ ತಲೆ ಅಲ್ಲಾಡಲು ಹೊರಟಿತ್ತು, ನನಗೆ ಗೊತ್ತಾಯಿತು. ಏಳು ಹೆಸರು ಅಚ್ಚಾಗುತ್ತವಲ್ಲ, ಸಾಕಲ್ಲ ಎಂದು. ಕುರ್ಚಿಯ ಕೈ ಹಿಡಿದುಕೊಂಡೆ.

‘ಅದು ಸುಳ್ಳಾಗ್ತದಪ್ಪಾ ವೀರೇಶ,’ ಎಂದೆ. ‘ಆ ವರ್ಷ ಅವರು ಸಹಕರಿಸಲಿಲ್ಲ. ಅದಕ್ಕ ನಾವು ಆಡಿದ್ವಿ. ಹಂಗ ಬರಿ.’

‘ಕಮಿಟಿಯವ್ರು ಒಪ್ಪಲಿಲ್ಲಂದ್ರ?’

‘ಶಾಲು ಬ್ಯಾರೇದವ್ರಿಗೆ ಹಾಕ್ರಿ. ನನ್ನ ಫೋಟೋ ತಗಿ. ಸಹಕರಿಸದವ್ರು ಅಂತ ಒಂದು ಪಟ್ಟಿ ಮಾಡು, ಆ ಏಳು ಮಂದಿ ಕೆಳಗ ಎಂಟನೇದು ನನ್ನ ಹೆಸರು ಬರಕೋ.’