ಕಣ್ಣು ಮುಚ್ಚಿ ಕಾರು ನೋಡಿದ ಕಾಕಾ

ಕಾಕಾರ ಬಲಗೈ ಬೆರಳುಗಳು ಉಣ್ಣೆಯ ಜಿಡ್ಡಿನಿಂದ ಸದಾ ಮಿಂಚುತ್ತಿದ್ದವು. ಎಷ್ಟು ಸಾಬೂನು ಹಚ್ಚಿ ತೊಳೆದರೂ ಹೋಗದ ಮಿಂಚು. ಕುರಿ ಕೊಳ್ಳುವಾಗ ಅವರು ಅದರ ಮುಖ ನೋಡುತ್ತಿರಲಿಲ್ಲ. ಹಿಂದಿನಿಂದ ಬಂದು, ಕಣ್ಣು ಮುಚ್ಚಿ, ಆ ಬೆರಳುಗಳನ್ನು ಉಣ್ಣೆಯೊಳಗೆ ಇಳಿಸಿ, ಬೆನ್ನೆಲುಬಿನ ಗುಂಟ ಕುತ್ತಿಗೆಯಿಂದ ಬಾಲದವರೆಗೆ ಓಡಿಸುತ್ತಿದ್ದರು. ಬೆರಳು ನಡುವೆ ಎಲ್ಲಾದರೂ ನಿಂತಿತೋ, ಆ ವ್ಯಾಪಾರ ಅಲ್ಲಿಗೇ ಮುಗಿಯಿತು.

ನಮ್ಮೂರು ದರಿಬಡಚಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಕುರಿ ಸಂತೆಯಲ್ಲಿ ದಲ್ಲಾಳಿ ಕೆಲಸ ಅವರದು. ರಕ್ತಸಂಬಂಧವಿಲ್ಲದಿದ್ದರೂ ನನಗೆ ಅವರು ಕಾಕಾ. ಅಪ್ಪ ಅವ್ವ ಕಬ್ಬು ಕಡಿಯಲು ಹೋದ ತಿಂಗಳುಗಳಲ್ಲಿ ನಾನು ಉಂಡದ್ದು ಅವರ ಹೆಂಡತಿ ಕಾಕು ಬಡಿದ ರೊಟ್ಟಿ. ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲಿಗ ನಾನು, ಅದೂ ಮೆಕ್ಯಾನಿಕಲ್ ಇಂಜಿನಿಯರಿಂಗ್. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಪುಕ್ಕಟೆ ಸಿಕ್ಕದ್ದಲ್ಲ. ಪದವಿಪತ್ರ ತಂದ ದಿನ ಕಾಕಾರ ಕೈಗೆ ಕೊಟ್ಟೆ. ಓದುಬರಹ ಬಾರದವರು, ಕಾಗದವನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದರು.

"ಕಾಗದ ಗಟ್ಟಿ ಐತಿ," ಅಂದರು. "ಇನ್ನ ನೀ ಎಷ್ಟ ಗಟ್ಟಿ ಅದಿ ನೋಡೂಣು."

ಮುಂದೆ ಹತ್ತಿರದ ಜತ್ತಿನಲ್ಲಿ ಹುಡುಗರಿಗೆ ಮೋಟಾರು ರಿಪೇರಿ ಕಲಿಸುವ ಮಾಸ್ತರನಾದೆ. ಓದುವಾಗಲೇ ಹಾಸ್ಟೆಲಿನ ನನ್ನ ಟ್ರಂಕಿನ ಮುಚ್ಚಳದ ಒಳಗೆ ಒಂದು ಕಾರಿನ ಚಿತ್ರ ಅಂಟಿಸಿಕೊಂಡಿದ್ದೆ. ಎರಡೇ ಸೀಟು, ಬಟ್ಟೆಯ ಚಾವಣಿ, ನೆಲಕ್ಕೆ ಅಂಟಿದಂಥ ಮೈ. ನಮ್ಮ ದೇಶದಲ್ಲೇ ಕೆಲವು ಕಾಲ ತಯಾರಾಗಿ ನಿಂತುಹೋದ ಸ್ಪೋರ್ಟ್ಸ್ ಕಾರು ಅದು. ಹೊಸದು ನನ್ನಂಥವನಿಗಲ್ಲ. ಹಳೆಯದನ್ನು ಹುಡುಕಿ, ನನ್ನ ಕೈಯಾರೆ ಮತ್ತೆ ಹೊಸದು ಮಾಡಿ ಓಡಿಸಿಯೇ ತೀರಬೇಕೆಂದು ಪಟ್ಟು ಹಿಡಿದೆ. ವರ್ಷಗಟ್ಟಲೆ ಕೂಡಿಸಿದ್ದು ಒಂದೇ ಒಂದು ಕಾರಿಗೆ ಸಾಕಾಗುವಷ್ಟಿತ್ತು. ತಪ್ಪು ಕಾರು ಕೊಂಡರೆ ಎರಡನೆಯದಕ್ಕೆ ದಾರಿಯೇ ಇರಲಿಲ್ಲ.

ಊರು ನಕ್ಕಿತು. "ಇಬ್ಬರ ಕುಂದ್ರೂ ಗಾಡಿ! ದನಕ್ಕ ಕಣಿಕಿ ಎಲ್ಲಿ ಹೇರ್ತಿ ಮಾಸ್ತರ?"

ಕಾಕಾ ನಗಲಿಲ್ಲ. "ನೋಡಾಕ ಹೋಗೂವಾಗ ನನ್ನ ಕರಿ," ಅಂದರು.

ಮೊದಲನೆಯದು ಮಿರಜಿನಲ್ಲಿತ್ತು. ಕಾಕಾ ನನ್ನ ಬೈಕಿನ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಕುಳಿತು ಬಂದರು. ಕೆಂಪು ಕಾರು, ಕನ್ನಡಿಯಂಥ ಹೊಳಪು. ಮಾಲೀಕ ಇಂಜಿನ್ ಚಾಲೂ ಮಾಡಿದಾಗ ನನ್ನ ಎದೆಯೇ ಚಾಲೂ ಆಯಿತು. ಕಾಕಾ ಕೇಳಿದ್ದು ಒಂದೇ ಮಾತು.

"ಸಾವಕಾರ್ರ, ಮಳಿಗಾಲದಾಗ ಇದನ್ನ ಎಲ್ಲಿ ಕಟ್ತಿದ್ರಿ?"

ಮಾಲೀಕ ನಗುತ್ತ ಹಿತ್ತಲು ತೋರಿಸಿದ. ಅಲ್ಲಿ ಚಾವಣಿ ಇರಲಿಲ್ಲ, ಗೋಡೆಯ ಬುಡಕ್ಕೆ ಪಾಚಿ ಕಟ್ಟಿತ್ತು. ಕಾಕಾ ತಿರುಗಿ ಬಂದವರೇ ಕಂಬಳಿ ಹಾಸಿ ಕಾರಿನ ಕೆಳಗೆ ಅಂಗಾತ ಸರಿದರು.

"ಏನ್ರೀ ಅಜ್ಜಾರ, ಕಾರ ಕೊಳ್ಳಾಕ ಬಂದೀರೋ, ಉಣ್ಣಿ ಕತ್ತರಸಾಕ ಬಂದೀರೋ?" ಮಾಲೀಕ ಕೇಳಿದ.

ನನಗೆ ನಾಚಿಕೆಯಾಯಿತು. "ಏಳ್ರಿ ಕಾಕಾ. ಇದು ಕುರಿ ಅಲ್ಲ. ಇದನ್ನ ನಾ ಕಲತೀನಿ."

"ಕಲತಿ, ಖರೆ. ಮುಟ್ಟಿ ನೋಡಿಯೇನು?"

ಕೆಳಗಿನಿಂದ ಬಂದ ಮಾತು ಅದು. ಆಮೇಲೆ ಬೆರಳು ತಳದ ಗುಂಟ ಉಜ್ಜುವ ಸದ್ದು. ಮತ್ತೆ ದನಿ ಬಂತು: "ಮಾಸ್ತರ, ಇದಕ್ಕ ನೀರ ಕುಡಿಸ್ಯಾರ."

ಸಂತೆಯ ದಿನ ಕುರಿಗೆ ಉಪ್ಪು ತಿನ್ನಿಸಿ, ಹೊಟ್ಟೆ ತುಂಬ ನೀರು ಕುಡಿಸಿ ದಪ್ಪ ಕಾಣುವಂತೆ ಮಾಡುವವರಿರುತ್ತಾರೆ. ಆ ಮೋಸಕ್ಕೆ ಕಾಕಾರ ಮಾತು ಅದು. ನಾನೂ ಕೆಳಗೆ ಸರಿದೆ. ಅವರ ಬೆರಳು ನಿಂತಿದ್ದ ಕಡೆ, ಹೊಸದಾಗಿ ಬಳಿದ ಕಪ್ಪು ಬಣ್ಣದ ಮೇಲೆ ಸ್ಕ್ರೂಡ್ರೈವರ್ ಒತ್ತಿದೆ. ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಈ ಕಾರಿನ ಮೈ ಫೈಬರಿನದು, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಅದನ್ನು ಹೊತ್ತ ಕಬ್ಬಿಣದ ಚಾಸಿಗೆ ಹಿಡಿಯುತ್ತದೆ. ಇದನ್ನೇ ಬೋರ್ಡಿನ ಮೇಲೆ ಚಿತ್ರ ಬರೆದು ಹುಡುಗರಿಗೆ ಕಲಿಸುತ್ತಿದ್ದವನು ನಾನು. ಹೊಳಪು ಕಂಡು ಮರೆತಿದ್ದೆ. ಆ ಕಾರು ಬಿಟ್ಟು ಬಂದೆವು.

ಆಮೇಲೆ ಇನ್ನೂ ಮೂರು ಕಾರು ನೋಡಿದೆವು. ಮೂರರಲ್ಲೂ ಅವರ ಕೈ ನಿಂತಿತು. ನನ್ನ ಹಟ ಮಾತ್ರ ನಿಲ್ಲಲಿಲ್ಲ.

ಐದನೆಯದು ಸಿಕ್ಕಿದ್ದು ನಮ್ಮೂರ ಹತ್ತಿರದ ಶೇಗಾಂವದಲ್ಲೇ, ದ್ರಾಕ್ಷಿ ಒಣಗಿಸುವ ಒಂದು ಶೆಡ್ಡಿನ ಮೂಲೆಯಲ್ಲಿ. ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ. ಚಾವಣಿಯ ಬಟ್ಟೆ ಚಿಂದಿ. ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ನಾನು ಬಾಗಿಲಿನಿಂದಲೇ ಹಿಂದಿರುಗುವವನಿದ್ದೆ. ಕಾಕಾ ಕಂಬಳಿ ಹಾಸಿದರು. ಈ ಸಲ ಬಹಳ ಹೊತ್ತು ಕೆಳಗಿದ್ದರು. ಹೊರಬಂದಾಗ ಮುಖದ ತುಂಬ ಜೇಡರ ಬಲೆ.

"ನೋಡಾಕ ಬಡಕಲ. ಬೆನ್ನ ಮಾತ್ರ ಭಾಳ ಚಲೋ ಐತಿ. ಕೈ ಎಲ್ಲೂ ನಿಂದರಲಿಲ್ಲ."

ನಾನೂ ತೂರಿ ನೋಡಿದೆ. ಚಾಸಿಯ ಮೇಲೆ ಬೆರಳು ದಪ್ಪ ಧೂಳು, ಕೆಳಗೆ ಗಟ್ಟಿ ಕಬ್ಬಿಣ.

ಕಾಕಾ ಹೆಗಲ ಟವೆಲ್ ತೆಗೆದು ಬಲಗೈಯ ಮೇಲೆ ಹಾಕಿಕೊಂಡರು. ಕುರಿ ಸಂತೆಯಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಒತ್ತಿ ಹೇಳುತ್ತಾರೆ.

"ಕಾರಿಗೂ ಟವೆಲ್ ಏನೋ ದಲ್ಲಾಳಿ?" ಶೆಡ್ಡಿನ ಮಾಲೀಕ ಮುದುಕ ಗದರಿದ.

"ಕೋಳಿ ನಿನಗ ಬಿಡ್ತೀನಿ. ಕೈ ತಾ."

ಇಬ್ಬರೂ ಆಕಾಶ ನೋಡುತ್ತ ನಿಂತರು. ನನ್ನ ಬದುಕಿನ ಅಷ್ಟೂ ಉಳಿತಾಯ ಆ ಟವೆಲಿನ ಕೆಳಗೆ ಅಲುಗಾಡುತ್ತಿತ್ತು. ಕೊನೆಗೆ ಕಾಕಾ ಟವೆಲ್ ಝಾಡಿಸಿ ಹೆಗಲಿಗೇರಿಸಿದರು. "ಹೂಂ, ಮಾಸ್ತರ. ಹಗ್ಗ ತಗೊಂಡ ಬಾ." ನಾನು ಹೇಳಿದ್ದ ಮಿತಿಯ ಒಳಗೇ ಮುಗಿಸಿದ್ದರು.

ಎರಡು ವರ್ಷ ನನ್ನ ರವಿವಾರಗಳೆಲ್ಲ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಳೆದವು. ಕಾಕಾ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ ನೋಡುತ್ತಿದ್ದರು. ಇಂಜಿನ್ ಮೊದಲ ಸಲ ಹೊತ್ತಿಕೊಂಡ ದಿನ ಓಣಿಯ ಮಂದಿಯೆಲ್ಲ ಬಂದರು, ನಕ್ಕವರೂ ಬಂದರು. ಅವರೆಲ್ಲ ಹೋದ ಮೇಲೆ ಕಾಕಾ, "ಮ್ಯಾಲ ಎತ್ತು," ಅಂದರು. ಜ್ಯಾಕ್ ಕೊಟ್ಟೆ. ಕಣ್ಣು ಮುಚ್ಚಿ ಕೈ ಓಡಿಸಿದರು. ಹಿಂದಿನ ಚಕ್ರದ ಹತ್ತಿರ ಹೊಸ ಸ್ಪ್ರಿಂಗ್ ಕೂಡಿಸಲು ನಾನು ಚಾಸಿಗೆ ಬೆಸೆದಿದ್ದ ಪಟ್ಟಿಯ ಮೇಲೆ ಕೈ ನಿಂತಿತು.

"ಇಲ್ಲಿ ಗಡಿಬಿಡಿ ಮಾಡಿದಿ."

ಮಾಡಿದ್ದೆ. ಆ ದಿನ ಲಗುಬಗೆಯಲ್ಲಿ ಮುಗಿಸಿದ್ದೆ. ಆದರೂ ಸಿಟ್ಟು ಬಂತು. ಬಣ್ಣದವನಿಗೆ ದಿನ ಕೊಟ್ಟಾಗಿತ್ತು. "ಯಾರಿಗೂ ಕಾಣಂಗಿಲ್ಲ ಬಿಡ್ರಿ ಕಾಕಾ."

"ಮಂದಿಗೆ ಕಾಣ್ಲಿ ಅಂತ ಕಲತಿದ್ಯೇನು?"

ನಾನು ಜ್ಯಾಕ್ ಇಳಿಸಿದೆ. ಅದೇ ವಾರ ಅವರು ಬಾಲಗಾಂವದ ಮಗಳ ಮನೆಗೆ ಹೋದರು. ಅಲ್ಲಿ ಜ್ವರ ಬಂತು, ತಿರುಗಿ ಬರಲಿಲ್ಲ.

ಅವರಿಗೆ ಮಣ್ಣು ಕೊಟ್ಟು ಬಂದ ಮೂರನೆಯ ದಿನ ಬಣ್ಣದವನಿಗೆ ಬರಬೇಡ ಎಂದೆ. ಪಟ್ಟಿ ಕತ್ತರಿಸಿ ತೆಗೆದೆ. ಉಜ್ಜಿ, ಮತ್ತೆ ಬೆಸೆದೆ. ಕಾಕು ಕೊಟ್ಟ ಕಾಕಾರ ಕಂಬಳಿ ಹಾಸಿ, ಕೆಳಗೆ ಸರಿದು, ಕಣ್ಣು ಮುಚ್ಚಿ, ಮುಂದಿನಿಂದ ಕೈ ಓಡಿಸಿದೆ. ಅದೇ ಜಾಗದಲ್ಲಿ ಕೈ ನಿಂತಿತು. ಮತ್ತೆ ಕತ್ತರಿಸಿದೆ. ಎರಡನೆಯ ಸಲವೂ ನಿಂತಿತು, ಕೂದಲೆಳೆಯಷ್ಟು. ಅದನ್ನೂ ಕತ್ತರಿಸಿದೆ.

ಮೂರನೆಯ ಸಲ ಕೈ ಎಲ್ಲಿಯೂ ನಿಲ್ಲದೆ ಬಾಲದವರೆಗೆ ಹೋಯಿತು.