ಚಲೋ ಐತಿ ಅನ್ನದ ಮುದಕವ್ವ

ನಮ್ಮ ದುಂಡಸಿಯಲ್ಲಿ ಮುದಕವ್ವನ ಮನೆಗೆ ಊಟಕ್ಕೆ ಹೋಗುವವರಿಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ರೊಟ್ಟಿ ಸುಟ್ಟಿದೆ ಎಂದು ಆಕೆ ಹೇಳಿದರೆ ಇನ್ನೊಂದೆರಡು ಹಾಕಿಸಿಕೊಳ್ಳಿ. ಎಮ್ಮೆ ಬತ್ತಿಹೋಗಿದೆ ಅಂದರೆ ಹಾಲಿಗೆ ತಂಬಿಗೆ ತೆಗೆದುಕೊಂಡು ಹೋಗಿ. ಮಗ ಪ್ರಭು ಹೇಗಿದ್ದಾನೆ ಎಂದು ಕೇಳಿದರೆ "ಎದಕ್ಕೂ ಬ್ಯಾಡಾದಾಂವ" ಅನ್ನುತ್ತಾಳೆ. ಅಂದರೆ ಗೋವಿನಜೋಳ ಚೆನ್ನಾಗಿ ಬಂದಿದೆ, ಹುಡುಗ ಬೆಳಗಾದರೆ ಹೊಲದಲ್ಲಿದ್ದಾನೆ ಎಂದು ಅರ್ಥ. ತನಗೆ ಪ್ರೀತಿಯಾದ ಒಂದನ್ನೂ ಬಾಯಿತುಂಬ ಹೊಗಳದ ಹೆಂಗಸು ಅದು. ನಾನಂತೂ ಆಕೆಯ ದೊಡ್ಡ ಅಭಿಮಾನಿ, ಹಾಗಾಗಿ ಒಂದು ಕೈ ಹೆಚ್ಚಾಗಿ ಹೇಳಿದರೆ ನೀವೇ ಹೊಂದಿಸಿಕೊಳ್ಳಿ.

ಈ ಭಾಷೆ ಪೂರ್ತಿ ಗೊತ್ತಿರುವುದು ಗೋಡೆಯಾಚೆಯ ಮರಿಯಮಬಿಗೆ. ಇಬ್ಬರದೂ ಒಂದೇ ವಾರಿಗೆ, ಒಂದೇ ಹಿತ್ತಲ ಗೋಡೆ.

"ಏನ ಪಲ್ಯ ಮಾಡಿ ಮುದಕವ್ವ?"

"ಬದನಿಕಾಯಿ. ಬಾಯಾಗ ಇಡಾಕ ಆಗಂಗಿಲ್ಲ."

"ಹಂಗಾರ ಒಂದ ಬಟ್ಟಲ ಕೊಡು."

ಮೊದಲಿನಿಂದ ಹೀಗಿರಲಿಲ್ಲವಂತೆ. ಮಗಳು ಮಾಲಾಳನ್ನು ಹಂಸಭಾವಿಗೆ ಕೊಟ್ಟಿದ್ದಾರೆ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಾಗ ಗಂಡು ಕೂಸು ಹುಟ್ಟಿತು. ಆಗ ಮುದಕವ್ವ ಬಸ್‌ಸ್ಟ್ಯಾಂಡಿನಿಂದ ಹಿಟ್ಟಿನ ಗಿರಣಿಯ ತನಕ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ಬೆಣ್ಣೆಮುದ್ದೆಯಂಥ ಕೂಸು, ಕೆಂಪಗೆ ಸೇಬಿನ ಹಾಗಿದೆ, ಹಾಲು ಕುಡಿಯುವ ಸದ್ದು ಓಣಿಗೆ ಕೇಳುತ್ತದೆ ಎಂದು. ವಾರ ತುಂಬುವ ಮೊದಲೇ ಆ ಕೂಸು ಹಾಲು ಬಿಟ್ಟಿತು, ಮೈ ತಣ್ಣಗಾಯಿತು, ಶಿಗ್ಗಾಂವಿಯ ಬಸ್ಸು ಬರುವಷ್ಟರಲ್ಲಿ ಹೋಗಿಬಿಟ್ಟಿತು. ಸೋಂಕು ಅಂದರು ತಿಳಿದವರು. ನನ್ನ ಬಾಯಿ ಅಂದಳು ಮುದಕವ್ವ.

ಅವತ್ತಿನಿಂದ ಆ ಬಾಯಿಗೆ ಬೀಗ ಹಾಕಲಿಲ್ಲ. ಬೀಗ ಹಾಕುವುದು ಆಕೆಯಿಂದ ಆಗುವ ಕೆಲಸವೂ ಅಲ್ಲ. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟ ಹಾಗೆ, ಮಾತನ್ನು ತಿರುಗಿಸಿ ತೊಟ್ಟುಕೊಂಡಳು ಅಷ್ಟೇ.

ಹೋದ ವರ್ಷ ಮಾಲಾ ಮತ್ತೆ ಬಾಣಂತನಕ್ಕೆ ಬಂದಳು. ಈ ಸಲ ಹೆಣ್ಣು ಕೂಸು, ತೂಕ ಸ್ವಲ್ಪ ಕಡಿಮೆ. ದವಾಖಾನೆಯಿಂದ ಮನೆಗೆ ಬಂದ ದಿನವೇ ಮುದಕವ್ವ ಅದಕ್ಕೆ ಇಲಿಮರಿ ಎಂದು ಹೆಸರಿಟ್ಟು, ಕೆನ್ನೆಗೆ ಕಾಡಿಗೆ ಬಳಿದು, ನೋಡಲು ಬಂದವರಿಗೆಲ್ಲ "ಏನ ನೋಡ್ತೀರಿ, ಉಳಿಯೂ ಲಕ್ಷಣ ಇಲ್ಲ" ಎಂದು ಬಾಗಿಲಲ್ಲೇ ಹೇಳಿ ಕಳಿಸತೊಡಗಿದಳು. ಇದು ಉಳಿಯಬೇಕು ಎಂಬುದನ್ನು ಬಿಟ್ಟು ಬೇರೆ ಯೋಚನೆಯೇ ಆಕೆಯ ತಲೆಯಲ್ಲಿ ಇರಲಿಲ್ಲ.

ಅದೇ ಹೊತ್ತಿಗೆ ನಮ್ಮ ಕಡೆಗೆ ಒಂದು ವೈದ್ಯಕೀಯ ಸಂಶೋಧನೆ ಬಂದಿತ್ತು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನಲ್ಲಿ ಹೊಸದಾಗಿ ಹುಟ್ಟಿದ ಕೂಸುಗಳ ಮನೆಗೆ ಹೋಗಿ ವಿಚಾರಿಸುವುದು. ದೊಡ್ಡ ಯಂತ್ರಗಳಿಲ್ಲದ ಊರುಗಳಲ್ಲಿ, ರೋಗದ ಗುರುತನ್ನು ಮನೆಯವರೇ ಬೇಗ ಗಮನಿಸಿ ಹೇಳಿದರೆ ಎಷ್ಟು ಕೂಸುಗಳನ್ನು ಉಳಿಸಬಹುದು ಎಂದು ನೋಡುವುದು ಅವರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಅದು ಪೂರ್ತಿ ನಿಂತಿದ್ದು ಮನೆಯವರು ಹೇಳುವ ಮಾತಿನ ಮೇಲೆ. ಅವರು ಆರಿಸಿಕೊಂಡ ಮನೆಗಳಲ್ಲಿ ಮುದಕವ್ವನದೂ ಒಂದು.

ಮನೆಗೆ ಬಂದವಳು ಶೀಲಾ, ಸವಣೂರಿನ ಹುಡುಗಿ. ಸ್ಕೂಟಿ, ತಲೆಗೆ ದುಪಟ್ಟಾ, ಕೈಯಲ್ಲಿ ಟ್ಯಾಬು. ಉತ್ತರ ಸರಿಯಿದ್ದರೆ ಟ್ಯಾಬಿನಲ್ಲಿ ಹಸಿರು, ಅಪಾಯವಿದ್ದರೆ ಕೆಂಪು.

"ಆಯಿ, ಕೂಸು ಹಾಲು ಬರೋಬರಿ ಕುಡಿತೈತೇನ್ರಿ?"

"ಎಲ್ಲಿ ಕುಡಿತೈತಿ ಯವ್ವಾ. ಮುಟ್ಟೂದ ಇಲ್ಲ."

ಒಳಕೋಣೆಯಿಂದ ಕೂಸು ಚಪ್ ಚಪ್ ಎಂದು ಹಾಲು ಹೀರುವ ಸದ್ದು ಪಡಸಾಲೆಯ ತನಕ ಬರುತ್ತಿತ್ತು.

"ಕೈಕಾಲ ಆಡಸ್ತೈತ್ರಿ?"

"ಕಟಗಿ ಬಿದ್ದಂಗ ಬಿದ್ದಿರತೈತಿ."

"ಅಳತೈತ್ರಿ?"

"ಅಳಾಕ ಮೈಯಾಗ ಜೀವ ಬೇಕಲ್ಲ. ಇಲಿಮರಿ ಅದು."

ಟ್ಯಾಬು ಕೆಂಪಾಯಿತು. ಕೆಂಪಾದರೆ ಹಾನಗಲ್ಲಿನ ಅವರ ಕಚೇರಿಗೆ ತಾನಾಗಿಯೇ ಸುದ್ದಿ ಮುಟ್ಟುತ್ತದೆ, ಜೀಪು ಹೊರಡುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಡಾಕ್ಟರ್ ಮೃತ್ಯುಂಜಯ ಓಡೋಡಿ ಬಂದು, ಜೋಳಿಗೆಯ ತಕ್ಕಡಿ ತೆಗೆದು ಕೂಸನ್ನು ತೂಗಿದರು.

"ಏನ್ರಿ ಸಾಹೇಬ್ರ, ಸಂತ್ಯಾಗಿನ ಕುಂಬಳಕಾಯಿ ಮಾಡೀರೇನ ನಮ್ಮ ಕೂಸನ್ನ?"

ಡಾಕ್ಟರು ತಕ್ಕಡಿ ನೋಡಿದರು, ಕೂಸನ್ನು ನೋಡಿದರು. ಮತ್ತೆ ತೂಗಿದರು. ತೂಕ ಏರಿತ್ತು. "ಕೂಸು ಭಾಳ ಚಲೋ ಐತಲ್ರಿ" ಅಂದರು.

ಮುದಕವ್ವನ ಮುಖ ಸುಣ್ಣದ ಹಾಗಾಯಿತು. ಒಳಗೆ ಓಡಿ, ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ತಂದು ಕೂಸಿಗೆ ನಿವಾಳಿಸಿ ಒಲೆಗೆ ಹಾಕಿದಳು. ಡಾಕ್ಟರು ಕೆಮ್ಮತೊಡಗಿದರು.

"ನಿಮ್ಮ ಹೆಸರೇನ್ರಿ?"

"ಮೃತ್ಯುಂಜಯ."

"ಇಷ್ಟ ದೊಡ್ಡ ಹೆಸರ ಇಟಗೊಂಡ ಹಿಂಗ ಕೂಸಿನ ಮ್ಯಾಲೆ ಬಾಯಿ ಹಾಕಬಾರದ್ರಿ."

ಇದು ಒಂದು ಮನೆಯ ಕಥೆಯಾಗಿದ್ದರೆ ಡಾಕ್ಟರು ಮರೆತುಬಿಡುತ್ತಿದ್ದರು. ಆದರೆ ನಾಲ್ಕೂ ತಾಲೂಕಿನ ಅಜ್ಜಿಯರು ಮಾತಾಡಿಕೊಂಡವರಂತೆ ಇದನ್ನೇ ಹೇಳುತ್ತಿದ್ದರು. ಮಾತಿನ ಪ್ರಕಾರ ಅರ್ಧಕ್ಕರ್ಧ ಕೂಸುಗಳು ಸಾವಿನ ಬಾಗಿಲಲ್ಲಿದ್ದವು. ತಕ್ಕಡಿಯ ಪ್ರಕಾರ ಗುಂಡಗೆ ಆಗುತ್ತಿದ್ದವು. ಜೀಪಿನ ಚಾಲಕನಿಗೆ ಊಟ ಮಾಡಲು ಪುರುಸೊತ್ತು ಇರಲಿಲ್ಲ. ಹಾಲೇ ಕುಡಿಯದೆ ದಪ್ಪಗಾಗುವ ಕೂಸುಗಳನ್ನು ಯಾವ ದೇಶದವರೂ ಇನ್ನೂ ಕಂಡಿಲ್ಲ, ನಾವೇ ಮೊದಲು ಇರಬಹುದು ಎಂದು ಡಾಕ್ಟರಿಗೆ ಒಂದು ದಿನವಾದರೂ ಅನ್ನಿಸಿತ್ತಂತೆ. ಕೊನೆಗೆ ಶೀಲಾಳನ್ನು ಕರೆದು ಕೇಳಿದರು.

"ಯಾಕ ಹಿಂಗ ಬರಾಕತ್ತೈತಿ?"

"ದೃಷ್ಟಿ ಅಂಜಿಕಿ ಸರ್. ಕೂಸು ಚಲೋ ಇರತಾವ, ಅದಕ್ಕ ಚಲೋ ಇಲ್ಲ ಅಂತಾರ."

"ನಿನಗ ಗೊತ್ತಿತ್ತು?"

"ನಮ್ಮವ್ವನೂ ಹಂಗ ಅಂತಾಳ್ರಿ."

"ಗೊತ್ತಿದ್ದೂ ಕೆಂಪ ಯಾಕ ಒತ್ತಿದಿ?"

"ಕುಡಿಯಂಗಿಲ್ಲ ಅಂದ್ರ ಕೆಂಪ ಒತ್ತು ಅಂತ ನೀವ ಕಲಿಸೀರಿ ಸರ್. ದೃಷ್ಟಿಗೆ ಬಟನ್ ಕೊಟ್ಟಿಲ್ಲ."

ಮೇಲಿನಿಂದ ಆಜ್ಞೆಯಾಯಿತು, ಅಜ್ಜಿಯರಿಗೆ ತಿಳಿವಳಿಕೆ ಕೊಡಬೇಕು ಎಂದು. ಶೀಲಾ ಅಂಗನವಾಡಿಯಲ್ಲಿ ಮುದಕವ್ವ, ಮರಿಯಮಬಿ ಮೊದಲಾದ ಊರಿನ ಅಜ್ಜಿಯರನ್ನೆಲ್ಲ ಕೂಡಿಸಿ, ಒಂದು ಗೊಂಬೆ ಹಿಡಿದು ಪಾಠ ಮಾಡಿದಳು. ಇಷ್ಟು ಬಿಸಿಲಿನ ಸೀಮೆಯಲ್ಲೂ ಸಣ್ಣ ಕೂಸಿನ ಮೈ ತಣ್ಣಗಾಗಿ ಜೀವಕ್ಕೆ ಕುತ್ತು ಬರುತ್ತದೆ, ಅಂಥ ಕೂಸನ್ನು ಬಟ್ಟೆ ಬಿಚ್ಚಿ ತಾಯಿಯ ಬರಿ ಎದೆಗೆ ಆನಿಸಿ ಮೇಲೆ ಸೆರಗು ಹೊದಿಸಬೇಕು ಅಂದಳು. ಹಾಲು ಬಿಟ್ಟು ಸುಮ್ಮನೆ ಮಲಗಿರುವ ಕೂಸು ಒಳ್ಳೆಯ ಕೂಸಲ್ಲ, ರೋಗದ ಕೂಸು ಅಂದಳು. ಕೊನೆಗೆ ಕೈಮುಗಿದಳು.

"ಆಯಿಗೋಳ, ಇನ್ನ ಮ್ಯಾಲೆ ಕೇಳಿದಾಗ ಖರೇ ಹೇಳ್ರಿ."

"ಖರೇ ಹೇಳಾಕ ನಾವೇನ ಕೋರ್ಟಿಗೆ ಬಂದೇವೇನ?" ಅಂದಳು ಮುದಕವ್ವ. ಎಲ್ಲರೂ ನಕ್ಕರು. ಗೊಂಬೆಯನ್ನು ಎದೆಗೆ ಆನಿಸಿಕೊಂಡು ಕೂತಿದ್ದ ಶೀಲಾಳೂ ನಕ್ಕಳು.

ಕೆಲವು ದಿನಗಳ ಮೇಲೆ ಶೀಲಾ ಫೋನಿನಲ್ಲಿ ವಿಚಾರಿಸಿದಳು. ಆ ಹೊತ್ತಿಗೆ ಮಾಲಾ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು, ಬೆಳಗಿನಿಂದ ಕೂಸು ಮಲಗೇ ಇದೆ, ತೊಂದರೆ ಕೊಟ್ಟಿಲ್ಲ ಎಂದು ಅವಳಿಗೆ ಸಮಾಧಾನವೇ ಆಗಿತ್ತು. ಮುದಕವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಆಯಿ, ಕೂಸು ಹೆಂಗ ಐತ್ರಿ?"

"ಚಲೋ ಐತಿ."

"ಹಾಲು?"

"ಕುಡಿತೈತಿ."

"ಅಳತೈತ್ರಿ?"

"ಇಲ್ಲವ್ವ. ಶಾಣ್ಯಾ ಆಗೇತಿ. ಮಲಗೇತಿ."

ಶೀಲಾ ಹಸಿರು ಒತ್ತಿದಳು. ಎಲ್ಲಕ್ಕೂ ಹಸಿರು. ಖುಷಿ ತಡೆಯದೆ ಡಾಕ್ಟರಿಗೂ ತಿಳಿಸಿದಳು. ಅಜ್ಜಿಯರ ತಿಳಿವಳಿಕೆ ಫಲ ಕೊಡುತ್ತಿದೆ, ದುಂಡಸಿಯ ಮುದಕವ್ವನಂಥವಳೇ ಖರೇ ಹೇಳತೊಡಗಿದ್ದಾಳೆ ಎಂದು ಡಾಕ್ಟರು ತಮ್ಮವರ ವಾಟ್ಸಪ್ ಗುಂಪಿನಲ್ಲಿ ಹಾಕಿದರು. ಕೆಳಗೆ ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಂದವು.

ಇತ್ತ ಗೋಡೆಯಾಚೆ ಅಕ್ಕಿ ಹಸನು ಮಾಡುತ್ತಿದ್ದ ಮರಿಯಮಬಿ, ಫೋನಿನ ಮಾತು ಕಿವಿಗೆ ಬಿದ್ದದ್ದೇ ಮೊರ ಕೆಳಗಿಟ್ಟಳು. ಹಾಗೇ ಎದ್ದು, ಚಪ್ಪಲಿಯೂ ಇಲ್ಲದೆ ಒಳಗೆ ಬಂದಳು.

"ಮುದಕವ್ವ, ಈಗ ಏನ ಅಂದಿ ಫೋನಿನ್ಯಾಗ?"

"ಏನ ಇಲ್ಲ. ಕೂಸು ಚಲೋ ಐತಿ ಅಂದೆ."

"ನೀ ಅಂದಿ? ನಿನ್ನ ಬಾಯಿಲೆ?"

ಕೂಸಿನ ಪಾದ ಮುದಕವ್ವನ ಅಂಗೈಯಲ್ಲಿತ್ತು. ಮರಿಯಮಬಿ ಅದನ್ನು ಮುಟ್ಟಿದಳು. ಕೊಡದ ನೀರಿನಷ್ಟು ತಣ್ಣಗಿತ್ತು.

ಇಲ್ಲದ ಕೆಟ್ಟದ್ದನ್ನು ಎಷ್ಟು ಬೇಕಾದರೂ ಆಡಬಹುದು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಇರುವ ಕೆಟ್ಟದ್ದನ್ನು ಮಾತ್ರ ಬಾಯಿಗೆ ತರಬಾರದು, ತಂದರೆ ಅದು ಗಟ್ಟಿಯಾಗಿ ನಿಂತುಬಿಡುತ್ತದೆ. ಮುದಕವ್ವನ ಲೆಕ್ಕ ಇದು. ಬೆಳಗಿನಿಂದ ಕೂಸು ಹಾಲು ಹಿಡಿದಿರಲಿಲ್ಲ. ಮೊದಲನೆಯ ಕೂಸು ಹೋದದ್ದು ಹೇಗೆಂದು ಆಕೆಗೆ ನೆನಪಿತ್ತು, ಅದಕ್ಕೇ ತುಟಿ ಬಿಚ್ಚದೆ ಕಾಲು ತಿಕ್ಕುತ್ತಾ ಕೂತಿದ್ದಳು.

ಮರಿಯಮಬಿ ತನ್ನ ಮಗ ರಫೀಕನನ್ನು ಕೂಗಿ ಅವನ ಸರಕಿನ ಗಾಡಿ ತೆಗೆಯಲು ಹೇಳಿದಳು, ಮುದಕವ್ವನ ಫೋನಿನಿಂದಲೇ ಶೀಲಾಳಿಗೆ ಹಚ್ಚಿದಳು.

"ಶೀಲಾ, ಮುದಕವ್ವ ಕೂಸು ಚಲೋ ಐತಿ ಅಂದಾಳ."

"ನನಗೂ ಅಂದ್ಲರಿ ಚಾಚಿ, ಭಾಳ ಖುಷಿ ಆತು."

"ಖುಷಿ ಆಗಬ್ಯಾಡ. ಕೂಸು ತಣ್ಣಗಾಗೇತಿ. ಶಿಗ್ಗಾಂವಿ ದವಾಖಾನಿಗೆ ಬಾ."

ಶೀಲಾ ಅಂದಳು, "ಮಾಲಾಗ ಹೇಳ್ರಿ, ಅವತ್ತ ಗೊಂಬಿ ಇಟ್ಟ ತೋರಿಸಿದ್ನಲ್ಲ, ಹಂಗ ಎದಿಗೆ ಹಚ್ಚಿಕೊಂಡ ಬರಾಕ. ನಾ ಹೊಂಟೆ."

ರಫೀಕ ಗೋವಿನಜೋಳದ ಚೀಲಗಳನ್ನು ರಸ್ತೆಯ ಬದಿಗೆ ಇಳಿಸಿ ಗಾಡಿ ಖಾಲಿ ಮಾಡಿದ. ಮಾಲಾ ಕೂಸನ್ನು ಬರಿ ಎದೆಗೆ ಆನಿಸಿಕೊಂಡು, ಮೇಲೆ ಸೀರೆ, ಅದರ ಮೇಲೆ ಕಂಬಳಿ ಹೊದ್ದು ಮುಂದೆ ಕೂತಳು. ಮುದಕವ್ವ, ಮರಿಯಮಬಿ ಹಿಂದೆ. ದಾರಿಯುದ್ದಕ್ಕೂ ಮುದಕವ್ವ ಒಂದು ಮಾತೂ ಆಡಲಿಲ್ಲ. ಹಾಗೆ ಬಾಯಿ ಮುಚ್ಚಿದ ಮುದಕವ್ವನನ್ನು ನೋಡಿ ಕೂಸಿನ ಸ್ಥಿತಿಗಿಂತ ಹೆಚ್ಚು ಹೆದರಿಕೆಯಾಯಿತು ಎಂದು ರಫೀಕ ಆಮೇಲೆ ಹೇಳುತ್ತಿದ್ದ.

ದವಾಖಾನೆಯಲ್ಲಿ ಮುಂದೆ ನುಗ್ಗಿದವಳು ಮುದಕವ್ವನೇ. ಮೇಜಿನ ಹಿಂದೆ ನರ್ಸು ತಲೆಯೆತ್ತಿ ಕೇಳಿದಳು.

"ಏನಾಗೇತ್ರಿ ಕೂಸಿಗೆ?"

"ಏನ ಇಲ್ರಿ. ಆರಾಮ ಐತಿ."

"ಆರಾಮ ಇದ್ರ ಕುಂದರ್ರಿ ಅಮ್ಮಾರ. ಪಾಳಿ ಬಂದಾಗ ಕರಿತೇವಿ."

ಮಾಲಾ ತಾಯಿಯ ಮುಖ ನೋಡಿದಳು. ಮರಿಯಮಬಿ ಹಿಂದಿನಿಂದ ಆಕೆಯ ಭುಜ ಹಿಡಿದು ಸಣ್ಣಗೆ ಅಂದಳು, "ಒದರು. ಇದ್ದದ್ದ ಇದ್ದಂಗ ಒದರು. ಪಾಪ ಬಂದ್ರ ನನಗ ಬರಲಿ."

ಮುದಕವ್ವ ಮೇಜಿನ ಅಂಚು ಹಿಡಿದುಕೊಂಡಳು. "ಕೂಸು ಹಾಲ ಬಿಟ್ಟೈತ್ರಿ" ಅಂದಳು. ಧ್ವನಿ ಆಕೆಯದೇ ಅಲ್ಲ ಅನ್ನುವ ಹಾಗಿತ್ತು. "ಮುಂಜಾನಿಂದ ಕುಡಿದಿಲ್ಲ. ಮೈ ತಣ್ಣಗಾಗೇತಿ. ಕಣ್ಣ ತೆರಿವಲ್ದು. ನಮ್ಮ ಒಂದ ಕೂಸು ಹಿಂಗ ಹೋಗೇತ್ರಿ. ಇದನ್ನ ಉಳಸ್ರಿ."

ನರ್ಸು ಕೂಸನ್ನು ತೆಗೆದುಕೊಂಡು ಒಳಗೆ ಓಡಿದಳು.

ಶೀಲಾ ಬಂದಳು, ಹಾನಗಲ್ಲಿನಿಂದ ಡಾಕ್ಟರ್ ಮೃತ್ಯುಂಜಯರೂ ಬಂದರು. ಸೋಂಕು ರಕ್ತಕ್ಕೆ ಇಳಿದಿತ್ತು. ದಾರಿಯಲ್ಲಿ ತಾಯಿಯ ಎದೆಯ ಶಾಖ ಸಿಕ್ಕಿದ್ದು, ಇನ್ನೂ ತಡವಾಗದೆ ಸೂಜಿಮದ್ದು ಶುರುವಾಗಿದ್ದು ಎರಡೂ ಕೆಲಸಕ್ಕೆ ಬಂದವು. ಕೂಸು ಒಳಗಿದ್ದಷ್ಟು ದಿನ ಮುದಕವ್ವ ಹೊರಗಿನ ಕಟ್ಟೆ ಬಿಟ್ಟು ಕದಲಲಿಲ್ಲ. ಅಂದ ಮಾತಿನ ಫಲ ಯಾವ ಕಡೆಯಿಂದ ಬಂದೀತು ಎಂದು ಕಾಯುತ್ತಾ ಕೂತಳು. ಬರಲಿಲ್ಲ. ಬಂದದ್ದು ಒಳಗಿನಿಂದ ಒಂದು ಬೆಳಗ್ಗೆ ಕೂಸಿನ ಅಳು, ಇಡೀ ವಾರ್ಡು ಎದ್ದು ಕೂರುವ ಹಾಗೆ.

ಮನೆಗೆ ಕಳಿಸುವ ದಿನ ಡಾಕ್ಟರು ತಾವೇ ಬಂದು ಆಕೆಯ ಪಕ್ಕ ಕೂತರು, ಶೀಲಾ ಟ್ಯಾಬು ತೆರೆದು ನಿಂತಳು. ಮರಿಯಮಬಿ ಬುತ್ತಿಯ ಗಂಟು ಹಿಡಿದುಕೊಂಡು ಇತ್ತಲೇ ಕಿವಿಯಿಟ್ಟಿದ್ದಳು.

"ಈಗ ಹೇಳ್ರಿ ಮುದಕವ್ವ. ಕೂಸು ಹೆಂಗ ಐತಿ?"

ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ಮುದಕವ್ವ ಕಂಡಿದ್ದಳು. ಖರೇ ಹೇಳುವ ಧೈರ್ಯ ಇನ್ನೂ ಇರಲಿಲ್ಲ.

"ಏನ ಹೇಳೂದ್ರಿ ಸಾಹೇಬ್ರ. ಹೊಟ್ಟಿಬಾಕ ಆಗೇತಿ. ಹಗಲಿಲ್ಲ ರಾತ್ರಿಲ್ಲ ಹೀರಾಕತ್ತೈತಿ, ಮಾಲಾಗ ಒಂದ ತುತ್ತ ಉಣಗೊಡವಲ್ದು. ಒದರಿದ್ರ ಕಿವಿ ಕಿತ್ತಹೋಗತಾವ. ಕಾಲಿಲೆ ಒದ್ದ ಒದ್ದ ಹೊದಿಕಿ ಮೈಮ್ಯಾಲೆ ನಿಲಗೊಡವಲ್ದು. ಎಲ್ಲಾ ಹಂಸಭಾವಿ ಮಂದಿ ಗುಣ, ನಮ್ಮ ಮನ್ಯಾಗ ಇಂಥಾವು ಯಾರೂ ಇಲ್ಲ."

ಡಾಕ್ಟರು ಗಾಬರಿಯಿಂದ ಶೀಲಾಳ ಕಡೆ ನೋಡಿದರು. "ಏನಂತ? ಏನರ ತ್ರಾಸ ಐತೇನು?"

ಶೀಲಾ ಆಗಲೇ ಒತ್ತುತ್ತಿದ್ದಳು. ಹಾಲು, ಅಳು, ಕೈಕಾಲು.

"ಇಲ್ಲ ಸರ್," ಅಂದಳು. "ಎಲ್ಲಾ ಹಸಿರು."