ಕಂಬಳಿ ನುಂಗಿದ ಪೆಟ್ಟಿಗೆ

ಹಳೇಬೀಡಿನ ಕೊಬ್ಬರಿ ವ್ಯಾಪಾರಿ ಕರಿಬಸವಯ್ಯನವರ ಕಿವಿಯ ವಿಷಯದಲ್ಲಿ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಥಟ್ಟನೆ ಹೇಳುವ ಮನುಷ್ಯ. ಇಂಥ ಕಿವಿ ಇಟ್ಟುಕೊಂಡು ಮಠದ ಸೋಮವಾರದ ಭಜನೆಗೆ ಕೂರುವುದೆಂದರೆ ಪ್ರಾಣಸಂಕಟ. ತಬಲದ ಮೇಲೆ ಒಂದು ಏಟು ಬಿದ್ದರೆ, ಸೌಂಡ್ ಸರ್ವೀಸ್ ಉಮೇಶನ ಸ್ಪೀಕರ್ ಪೆಟ್ಟಿಗೆಗಳು ಎದೆಗೆ ನಾಲ್ಕು ಗುದ್ದುತ್ತಿದ್ದವು.

ತಡೆಯಲಾರದೆ ತಾವೇ ಒಂದು ಪೆಟ್ಟಿಗೆ ಕಟ್ಟಲು ಕೂತರು. ಮೊಬೈಲಿನಲ್ಲಿ ನೋಡಿ ಕಲಿತದ್ದು; ಟ್ರಾನ್ಸ್‌ಮಿಷನ್ ಲೈನ್ ಅಂತ ಹೆಸರು. ಹಾಗಾದರೆ ಲೈನ್‌ಮನ್ನನ್ನು ಕರೆಸಬೇಕಾ ಎಂದು ಊರವರು ಕಿಚಾಯಿಸಿದರು. ಕರಿಬಸವಯ್ಯ ಸಿಕ್ಕಿದವರನ್ನೆಲ್ಲ ನಿಲ್ಲಿಸಿಕೊಂಡು ವಿವರಿಸಿದರು. ಸ್ಪೀಕರು ಮುಂದಕ್ಕೆ ಹಾಡುವಷ್ಟೇ ಹಿಂದಕ್ಕೂ ಹಾಡುತ್ತದೆ. ಮಾಮೂಲಿ ಪೆಟ್ಟಿಗೆ ಆ ಹಿಂದಿನ ಸದ್ದನ್ನು ಕೂಡಿಹಾಕುತ್ತದೆ, ಇಲ್ಲವೇ ಒಂದು ತೂತಿನಿಂದ ಹೊರಗೆ ದಬ್ಬುತ್ತದೆ. ಇದರೊಳಗೆ ಹಲಗೆ ಅಡ್ಡ ಕೊಟ್ಟು ಮಡಚಿದ ಉದ್ದನೆಯ ಓಣಿ. ಅರಸೀಕೆರೆಯಿಂದ ಊರೂರು ಸುತ್ತಿ ಬರುವ ಬಸ್ಸಿನ ಹಾಗೆ, ಹಿಂದಿನ ಸದ್ದು ಓಣಿಯೆಲ್ಲ ಸುತ್ತಿ ತಡವಾಗಿ ಹೊರಗೆ ಬರುತ್ತದೆ. ದಾರಿಯಲ್ಲಿ ತುಂಬಿದ ಉಣ್ಣೆ ಕೀಚಲು ಸದ್ದನ್ನೆಲ್ಲ ಹೀರಿಕೊಂಡು ಮಂದ್ರವನ್ನು ಮಾತ್ರ ಬಿಡುತ್ತದೆ. ಓಣಿಯ ಉದ್ದ ಸರಿಯಾಗಿದ್ದರೆ ಆ ಮಂದ್ರ ಮುಂದಿನ ಸದ್ದಿನ ಜೊತೆ ಹೆಜ್ಜೆ ಹಾಕುತ್ತದೆ. ಚಿಕ್ಕ ಸ್ಪೀಕರಿಗೂ ಗಂಭೀರ ದನಿ ಬರುತ್ತದೆ, ಗುದ್ದು ಇರುವುದಿಲ್ಲ.

ಓಣಿಯೇನೋ ಆಯಿತು, ಉಣ್ಣೆ? ತೆಂಗಿನವರ ಬುದ್ಧಿ ಎಲ್ಲಿ ಹೋಗುತ್ತದೆ, ಮೊದಲು ನಾರು ತುರುಕಿದರು. ಪೆಟ್ಟಿಗೆ ಹಾಡಿದ್ದಕ್ಕಿಂತ ಧೂಳು ಉಗುಳಿದ್ದೇ ಹೆಚ್ಚು. ಆಗ ಅವರ ಕಣ್ಣು ಬಿದ್ದದ್ದು ಹೆಂಡತಿ ಗುರುಸಿದ್ದಮ್ಮನ ತವರಿನ ಕರಿ ಕಂಬಳಿಯ ಮೇಲೆ. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಅದನ್ನು ಓಣಿಯೊಳಗೆ ಸಡಿಲವಾಗಿ ತುಂಬಿ, ಹಿಂದಿನ ಹಲಗೆಗೆ ತಿರುಪು ಹಾಕಿದರು. ಪೆಟ್ಟಿಗೆ ಹಾಡಿತು ನೋಡಿ, ಕರಿಬಸವಯ್ಯನವರಿಗೇ ಕಣ್ಣು ತುಂಬಿತು.

ಕಂಬಳಿ ಕಾಣದೆ ಗುರುಸಿದ್ದಮ್ಮ ಮನೆ ತಲೆಕೆಳಗು ಮಾಡಿದರು. ಒಗೆಯಲು ಹಾಕಿ ಕಳೆದವಳು ನೀನೇ ಎಂದು ಸೊಸೆ ಶಿಲ್ಪಾಗೆ ಬೈಗುಳದ ಸುರಿಮಳೆ. ಕರಿಬಸವಯ್ಯ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಈ ಸೋಮವಾರ ನಿಮ್ಮದನ್ನು ಕೇಳಿ ನೋಡೋಣ, ಸರಿಹೋಗದಿದ್ದರೆ ಮತ್ತೆ ಉಮೇಶನೇ ಎಂದು ಮಠದ ಹಿರಿಯರು ಹೇಳಿದ್ದರು. ಸೋತರೆ ಊರೆಲ್ಲ ಹೊಗಳಿದ ಕಿವಿಯ ಮಾನ ಹೋಗುತ್ತದೆ. ಭಜನೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡರು. ಪುಕ್ಕಲು ಗಂಡಸರ ಲೆಕ್ಕವೇ ಹೀಗೆ.

ಕಾರ್ತೀಕದ ಸೋಮವಾರ ಸಂಜೆ, ಕೊರೆಯುವ ಚಳಿ. ಮಠದಲ್ಲಿ ಪೆಟ್ಟಿಗೆ ಇಟ್ಟು ಕರಿಬಸವಯ್ಯ ಠೀವಿಯಿಂದ ಸ್ವಿಚ್ ಒತ್ತಿದರು. ತಂಬೂರಿ ಶುರುವಾದದ್ದೇ ತಡ, ಖಾಲಿ ಹಂಡೆಯೊಳಗೆ ಬಾಯಿಟ್ಟು ಕೂಗಿದಂತೆ ಪೆಟ್ಟಿಗೆ ಗೊಂಯ್ ಅಂದಿತು. ಉಮೇಶ ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕ. ಕರಿಬಸವಯ್ಯನವರ ಕಿವಿಗೆ ಕ್ಷಣದಲ್ಲಿ ತಿಳಿಯಿತು, ಓಣಿ ಖಾಲಿ. ತಿರುಗಿ ನೋಡಿದರೆ ಹೆಂಗಸರ ಸಾಲಿನಲ್ಲಿ ಗುರುಸಿದ್ದಮ್ಮ ಕರಿ ಕಂಬಳಿ ಹೊದ್ದು ಬೆಚ್ಚಗೆ ಕೂತಿದ್ದಾರೆ! ಪಕ್ಕದಲ್ಲಿ ಶಿಲ್ಪಾ ನಗು ನುಂಗುತ್ತಿದ್ದಾಳೆ. ಮಾವ ತಿರುಪು ಹಾಕುವುದನ್ನು ಕಿಟಕಿಯಿಂದ ಕಂಡಿದ್ದವಳು, ಬೈಗುಳ ಸಾಕಾಗಿ ಅಂದು ಬೆಳಿಗ್ಗೆ ಅತ್ತೆಗೆ ಹೇಳಿಬಿಟ್ಟಿದ್ದಳು; ಅತ್ತೆ ತಿರುಪು ಬಿಚ್ಚಿ ಕಂಬಳಿ ತೆಗೆದು, ಹಲಗೆಯನ್ನು ಮೊದಲಿನಂತೆಯೇ ಕೂರಿಸಿದ್ದರು.

ಕರಿಬಸವಯ್ಯ ಎದ್ದು ಹೋಗಿ, ಒಸಿ ಕಂಬಳಿ ಕೊಡೇ ಎಂದು ಪಿಸುಗುಟ್ಟಿದರು.

"ಇದು ಕಳೆದೋಗಿತ್ತು ಕಣ್ರೀ. ಯಾರು ಕಳೆದಿದ್ದು ಅಂತ ಮೈಕಲ್ಲಿ ಹೇಳಿ, ಕೊಡ್ತೀನಿ" ಎಂದರು ಗುರುಸಿದ್ದಮ್ಮ.

ಬೇರೆ ದಾರಿಯೇ ಇರಲಿಲ್ಲ. "ಶಿಲ್ಪಂದು ಏನೂ ತಪ್ಪಿಲ್ಲ. ಕದ್ದೋನು ನಾನು" ಎಂದದ್ದು ಅದೇ ಖಾಲಿ ಪೆಟ್ಟಿಗೆಯಿಂದ ಗೊಂಯ್ಗುಟ್ಟುತ್ತ ಬೀದಿಯವರೆಗೂ ಹೋಯಿತು. ಮಠಕ್ಕೆ ಮಠವೇ ನಕ್ಕಿತು.

ಕಂಬಳಿ ಮತ್ತೆ ಪೆಟ್ಟಿಗೆಯೊಳಗೆ ಹೋಯಿತು. ಈಗ ತಬಲದ ಏಟು ಬಿದ್ದಲ್ಲಿ ಬಿದ್ದು, ನಿಂತಲ್ಲಿ ನಿಂತಿತು. ತಂಬೂರಿ ತಳದಲ್ಲಿ ತಣ್ಣಗೆ ಹರಿಯಿತು, ಹಾಡುವವರ ಒಂದೊಂದು ಮಾತೂ ಬಿಡಿಸಿ ಕೇಳಿತು. ಸದಾ ಕಿವಿ ಮುಚ್ಚಿಕೊಂಡು ಕೂರುತ್ತಿದ್ದ ಮುದುಕರು ಕೈ ತೆಗೆದು ತಾಳ ಹಾಕಿದರು. ಉಮೇಶ ಬಂದು ಪೆಟ್ಟಿಗೆಯ ಬಾಯಿಗೆ ಅಂಗೈ ಹಿಡಿದು ನೋಡಿ ತಲೆದೂಗಿದ. ಮುಂದಿನ ಸೋಮವಾರವೂ ಇದೇ ಇರಲಿ ಎಂದರು ಹಿರಿಯರು.

ಗೆದ್ದ ಖುಷಿಯಲ್ಲಿ ಕರಿಬಸವಯ್ಯ ಬೀಗುತ್ತಿರುವಾಗಲೇ ಗುರುಸಿದ್ದಮ್ಮ ಬಂದು ಅವರ ಹೆಗಲ ಮೇಲಿನ ಶಾಲನ್ನು ಎಳೆದುಕೊಂಡು ಹೋದರು. ಅದನ್ನು ಸೊಸೆಗೂ ತನಗೂ ಸೇರಿಸಿ ಹೊದ್ದು, "ಸುಮ್ಕೆ ಬೈದ್ಬಿಟ್ಟೆ ಕಣವ್ವ" ಎಂದರು. ಕರಿಬಸವಯ್ಯ ಮಂಗಳಾರತಿಯವರೆಗೂ ಬರಿ ಅಂಗಿಯಲ್ಲಿ ನಡುಗುತ್ತ ತಮ್ಮ ಪೆಟ್ಟಿಗೆಯನ್ನು ಕೇಳಿದರು.